ಟೇಪು ನಲವತ್ತಾರು

ಕ್ಲೈಪೆಡಾ ಬಂದರಿನ ಹಿಂದೆ, ಮೂರನೆಯ ಮಹಡಿಯಲ್ಲಿ,
ಸೌತೆಕಾಯಿ ಉಪ್ಪು ಹಾಕಿಟ್ಟ ಜಾಡಿಗಳ ಪಕ್ಕ
ಹಳೆಯ ಲ್ಯಾಪ್‌ಟಾಪ್ ಒಂದನ್ನು ಮಗ್ಗುಲಾಗಿ ನಿಲ್ಲಿಸಿದ್ದೇನೆ.
ಪರದೆ ಒಡೆದಿದೆ. ಒಡೆದರೇನು,
ಸರ್ವರ್ ಆಗುವುದಕ್ಕೆ ಮುಖ ಬೇಕಿಲ್ಲ.

ಅಪ್ಪ ರಿಮ್‌ಗೌದಸ್, ಕ್ರೇನು ರಿಪೇರಿ ಮಾಡುತ್ತಿದ್ದವನು,
ಹುಟ್ಟಿನಿಂದ ಕಿವಿ ಕೇಳದವನು,
ತೊಂಬತ್ತರ ದಶಕವನ್ನಿಡೀ ಹೆಗಲ ಮೇಲೊಂದು ಕ್ಯಾಮೆರಾ ಹೊತ್ತು
ಕಿವುಡರ ಕ್ಲಬ್ಬಿನಲ್ಲಿ ಕಳೆದವನು.
ನೂರ ಹನ್ನೊಂದು ಟೇಪು. ಎಲ್ಲವೂ ಮಾತೇ ಮಾತು.
ಒಂದರಲ್ಲೂ ಸದ್ದಿಲ್ಲ. ಅಲ್ಲ, ಇದೆ:
ಕುರ್ಚಿ ಎಳೆದದ್ದು, ಯಾರೋ ಸೀನಿದ್ದು, ಚಮಚ ಬಿದ್ದದ್ದು.
ಅದು ನನಗೊಬ್ಬಳಿಗೇ ಸಿಕ್ಕ ಪಾಲು.

ಇಷ್ಟು ವರ್ಷ ಸುಮ್ಮನಿದ್ದ ಸರ್ವರು ಈ ವಸಂತದಲ್ಲಿ
ಖಾತೆ ತೆರೆ ಅಂದಿತು, ಇಮೇಲ್ ಕೊಡು ಅಂದಿತು.
ನಮ್ಮ ಮನೆ ಬಾಗಿಲು ನಾವು ತೆಗೆಯಲು
ಯಾವ ದೊಣ್ಣೆನಾಯಕನ ಅಪ್ಪಣೆ?
ಸಾಲದ್ದಕ್ಕೆ ಸೋದರತ್ತೆಯ ಮದುವೆಗೆ
ಎಲ್ಲಿಂದಲೋ ಒಂದು ರಕ್ತಪಿಶಾಚಿಯ ಪೋಸ್ಟರು ತಂದು ಅಂಟಿಸಿತು.
ಅಪ್ಪ ಅದನ್ನು ಬಹಳ ಹೊತ್ತು ನೋಡಿ,
'ಭಾವ ಹೆಚ್ಚುಕಮ್ಮಿ ಹಾಗೇ ಇದ್ದ' ಅಂದ.
ಅಳಿಸಿ ಹಾಕಿದೆ.

ಎರಡನೆಯದು ಚೆಲುವೆ. ಕಪ್ಪು ಮಖಮಲ್ಲಿನ ಮೇಲೆ
ಸಾಲಾಗಿ ಜೋಡಿಸಿದ ಚಿತ್ರಗಳು, ಮುಟ್ಟಿದರೆ ಅರಳುತ್ತವೆ.
ಆದರೆ ಟಿವಿಗೆ ಕಳಿಸುವ ಮುನ್ನ ಎಲ್ಲವನ್ನೂ ಹಿಂಡುತ್ತದೆ,
ಸೆಕೆಂಡಿಗೆ ಐವತ್ತು ಇದ್ದದ್ದನ್ನು ಇಪ್ಪತ್ತೈದು ಮಾಡುತ್ತದೆ.
ಮುಖ ಉಳಿಯುತ್ತದೆ, ಮೇಜು ಉಳಿಯುತ್ತದೆ,
ಓಡುವ ಬೆರಳು ಮಾತ್ರ ಗಂಜಿ.
ನನಗದು ಚೂರು ಮಸುಕು, ಅಷ್ಟೇ.
ಅಪ್ಪ ಕಣ್ಣು ಕಿರಿದು ಮಾಡಿ,
'ಲೌರಿನಸ್ ಯಾಕೆ ತೊದಲುತ್ತಿದ್ದಾನೆ?' ಅಂದ.
ಲೌರಿನಸ್ ಸಾಯುವವರೆಗೂ ತೊದಲಿದವನಲ್ಲ,
ಕ್ಲಬ್ಬಿನಲ್ಲಿ ಅವನಷ್ಟು ತಿಳಿಯಾದ ಕೈ ಇನ್ನೊಂದಿರಲಿಲ್ಲ.
ಪರದೆಯಡಿ ತಾನಾಗಿ ಮೂಡಿದ ಅಕ್ಷರ: ಮಾತಿಲ್ಲ.
ಅಪ್ಪ ಅದನ್ನೂ ಓದಿದ.
ಎದ್ದು ಹೋಗಿ ಟೀ ಮಾಡಿಕೊಂಡ, ನನಗೆ ಕೊಡಲಿಲ್ಲ.

ಮೂರನೆಯದಕ್ಕೆ ರೂಪವೇ ಇಲ್ಲ.
ಬೂದು ಪಟ್ಟಿ, ಕಡತದ ಹೆಸರು,
ಅದೂ ನನ್ನ ಕಾಗುಣಿತದ ತಪ್ಪುಗಳ ಸಮೇತ.
ಶಿಫಾರಸಿಲ್ಲ. ನೀನ್ಯಾರು ಅನ್ನುವುದಿಲ್ಲ.
ಇದ್ದದ್ದನ್ನು ಇದ್ದ ಹಾಗೆ ಎತ್ತಿ ಕೊಡುತ್ತದೆ,
ನೀರು ಬೆರೆಸಲು ಸೋಮಾರಿತನವಾದ ಹಾಲಿನವನ ಹಾಗೆ.

ನಿನ್ನೆ ಸಂಜೆ ಟೇಪು ನಲವತ್ತಾರು.
ಮುಂದೆ ಲೌರಿನಸ್, ಯಾವುದೋ ಹಡಗಿನ ಕತೆ;
ಹತ್ತೂ ಬೆರಳು ಎಣಿಸಬಹುದು.
ಅಪ್ಪ ಅವನನ್ನು ನೋಡುತ್ತಲೇ ಇರಲಿಲ್ಲ.
ಚೌಕಟ್ಟಿನ ತುದಿಯಲ್ಲಿ, ಕಿಟಕಿ ಬಳಿ,
ಕೆಂಪು ಸ್ವೆಟರಿನ ಗ್ರಾಜ್ವಿದಾ ಪಕ್ಕದವಳಿಗೆ ಏನೋ ಹೇಳುತ್ತಾಳೆ,
ಕೈ ಮಡಿಲಿನಿಂದ ಮೇಲೇಳದ ಹಾಗೆ, ಪಿಸುಮಾತು.
ಗೋಡೆಗೆ ಕಿವಿಯಿಲ್ಲದ ಕ್ಲಬ್ಬು ಅದು.
ಅಪ್ಪನ ಹೆಗಲಿಗೊಂದು ಕಣ್ಣಿತ್ತು, ಮರೆತಿದ್ದಳು.

ಹಿಂದಕ್ಕೆ ತಿರುಗಿಸಿದ. ಮತ್ತೆ. ಮತ್ತೆ.
'ನನ್ನ ಮೀನಿನ ಸಾರು ಉಪ್ಪಂತೆ,' ಅಂದ ನನ್ನತ್ತ ತಿರುಗಿ.
'ಬಾಲ್ಟಿಕ್ ಸಮುದ್ರವನ್ನೇ ಬಗ್ಗಿಸಿದ್ದೇನಂತೆ.'
ಮೂವತ್ತು ವರ್ಷ ಹಳೆಯ ಮಾತಿಗೆ
ಈಗ ಕೆಂಪಾದವು ಆ ಎರಡು ಕಿವಿ.
ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ.
ಜಾಡಿಗಳ ಪಕ್ಕ
ಪೆಟ್ಟಿಗೆ ಸಣ್ಣಗೆ ಬಿಸಿಯಾಗುತ್ತಿತ್ತು.

ಫೋನು ಗೋಡೆಗೆ ಒರಗಿಸಿ ವಿಡಿಯೋ ಕರೆ ಮಾಡಿದ.
ಗ್ರಾಜ್ವಿದಾಗೆ ಎಂಬತ್ತೊಂದು, ತಲೆಗೆ ಟವೆಲ್ಲು.
ಎರಡೂ ಕೈ ಝಾಡಿಸಿ ಕೇಳಿದ.
ನೆಟ್ಟು ಕುಂಟುತ್ತಿತ್ತು; ಅವಳ ಉತ್ತರ ಬಂದದ್ದು ಅರ್ಧ ಗಂಜಿಯಾಗಿ.
ಇನ್ನೊಮ್ಮೆ, ಅಂದ. ಅದೂ ಗಂಜಿ.
ಅವಳು ಎದ್ದು ಅಡುಗೆಮನೆಗೆ ಹೋದಳು,
ಉಪ್ಪಿನ ಡಬ್ಬಿ ತಂದು
ಕ್ಯಾಮೆರಾದ ಮುಂದೆ ಅಲುಗಾಡದೆ ಹಿಡಿದಳು.